ಬಿಸಿಲು ತಾಗದ ದುಂಡು

ಅಂಗಿಗೊಂದು, ಬೆನ್ನ ನಡುವೆ,
ಕಪ್ಪು ಬಟ್ಟೆಯ ದುಂಡು ತೇಪೆ.
ರೊಟ್ಟಿಯಗಲ ಇರಲಿ ಎಂದಿದ್ದ ಹವಾಲ್ದಾರ,
ಓಡಿದರೆ ಗುರಿಯಿಡುವವನಿಗೆ ಸಲೀಸು.
ತೇಪೆಗೆ ಮೂರು ಕಾಸು.
ದುರ್ಗಿಗುಡಿಯ ಹಿಂದಿನ ಓಣಿಯಲ್ಲಿ ನನ್ನಪ್ಪ ತುಕೋಬ
ತಾಮ್ರದ ತಟ್ಟೆ ಬೋರಲಿಟ್ಟು ಸೀಮೆಸುಣ್ಣದ ಗೆರೆಯೆಳೆದು
ನಾನೂರು ದುಂಡು ಕತ್ತರಿಸಿದ.

ಗಾಜನೂರಿನಾಚೆ ನಾಟಾ ಡಿಪೋ, ಸುತ್ತ ಮುಳ್ಳುತಂತಿ,
ಒಳಗೆ ಇಟಲಿಯವರು.
ಎಲ್ಲಿಯದೋ ಮರಳುಗಾಡಿನಲ್ಲಿ ಸೋತು,
ಹಡಗೇರಿ, ರೈಲೇರಿ,
ನಮ್ಮ ಮತ್ತಿ, ಹೊನ್ನೆ ಕುಯ್ಯಲು ಬಂದವರು.
ವಾರಕ್ಕೊಮ್ಮೆ ಅಪ್ಪನ ಜೊತೆ ಗಾಡಿಯಲ್ಲಿ ನಾನೂ,
ಗುಂಡಿಯ ಡಬ್ಬಿ ಹಿಡಿಯಲು. ಏಳು ವರ್ಷ ನನಗೆ.

ಅವರಲ್ಲೊಬ್ಬ ನೆರಿಯೊ.
ನಮ್ಮ ಗಾಡಿಯವನ ಬಾಯಲ್ಲಿ ನೀರಯ್ಯ.
ಆ ಹೆಸರಿಗೆ ಅವನೂ ಒಗ್ಗಿಹೋಗಿದ್ದ, ಕರೆದರೆ ತಿರುಗುತ್ತಿದ್ದ.
ಬಿಸ್ಕತ್ತಿನ ತಗಡು ಬಡಿದು
ಅಪ್ಪನ ಬೆರಳಿಗೆ ಅಂಗುಸ್ತಾನ ಮಾಡಿಕೊಟ್ಟಿದ್ದ.
ಅಪ್ಪ ಬದಲಿಗೆ ಏನೂ ಕೊಡಲಿಲ್ಲ.
ಅವನ ತೇಪೆಗೆ ಮಾತ್ರ ಕಚ್ಚಾ ಹೊಲಿಗೆ ಹಾಕಿದ.
ದಾರದ ಉಳಿತಾಯ, ಎಂದ ಹವಾಲ್ದಾರನಿಗೆ.

ಓಡುವುದೇನು ಹೊಸದಲ್ಲ ಅಲ್ಲಿ.
ಒಬ್ಬ ಮರದ ಹೊಟ್ಟಿನ ಗಾಡಿಯಲ್ಲಿ ಹೂತುಕೊಂಡ;
ಸೀನು ಬಂತು.
ಇನ್ನೊಬ್ಬ ಮಳೆಗಾಲದಲ್ಲಿ ಕಾಡಿಗೆ ನುಗ್ಗಿ,
ಮೈತುಂಬ ಜಿಗಣೆ ಮೆತ್ತಿಸಿಕೊಂಡು
ಮಾರನೆ ಬೆಳಿಗ್ಗೆ ತಾನೇ ಗೇಟಿಗೆ ಬಂದು ಚಹಾ ಕೇಳಿದ.

ನೀರಯ್ಯ ಕಾಡನ್ನು ನಂಬಲಿಲ್ಲ. ಹೊಳೆಯನ್ನು ನಂಬಿದ.
ಸಮುದ್ರ ದೂರವಿಲ್ಲವೆಂದು
ಘಟ್ಟ ಹತ್ತಿ ಬರುವ ಒಣಮೀನಿನ ಗಾಡಿಗಳೇ ಹೇಳುತ್ತಿದ್ದವು.
ಸಮುದ್ರ ಸಿಕ್ಕರೆ ದಡ ಹಿಡಿದು ಗೋವೆ.
ಅಲ್ಲಿ ಯುದ್ಧವಿಲ್ಲ.
ಪಕ್ಕದಲ್ಲೇ ತುಂಗೆ, ಇನ್ನೇನು ಬೇಕು?
ನೀರಿಗೆ ದಾರಿ ಗೊತ್ತಿರುತ್ತದೆ.

ಪುಷ್ಯದ ಚಳಿಯಲ್ಲಿ ಹೊರಟ.
ಮೊದಲ ರಾತ್ರಿ ನಮ್ಮ ಊರನ್ನೇ ದಾಟಿದ,
ಸೇತುವೆಯ ಕೆಳಗೆ, ಮೊಣಕಾಲು ನೀರಲ್ಲಿ.
ನಾವು ಮಲಗಿದ್ದೆವು.
ಎರಡನೆಯ ರಾತ್ರಿ ಕೂಡ್ಲಿ. ಭದ್ರೆ ಬಂದು ಸೇರಿ
ಹೊಳೆ ಒಂದಕ್ಕೆರಡಾದಾಗ
ಹಿಗ್ಗಿ ಹೋದನಂತೆ: ಆಯಿತು, ಬಂದೇಬಿಟ್ಟಿತು!
ಬೆಳಿಗ್ಗೆ ಸೂರ್ಯ ಮುಖಕ್ಕೇ ಹೊಡೆದ.
ಬೆನ್ನಿಗೆ ಬರಬೇಕಿತ್ತಲ್ಲ?
ತಿರುವು ಇದ್ದೀತು ಮುಂದೆ, ಅಂದುಕೊಂಡ,
ಹೊಳೆಗಳು ತಿರುಗುತ್ತವೆ.

ಹೊನ್ನಾಳಿಯ ಕಡವಿನಲ್ಲಿ ಅಂಬಿಗರ ಹಾಲಪ್ಪ
ಹರಿಗೋಲಿಗೆ ಚರ್ಮ ಬಿಗಿಯುತ್ತಿದ್ದ.
ಸಮುದ್ರ? ಎಂದ ನೀರಯ್ಯ, ಕೈಯಲ್ಲಿ ಅಲೆ ಮಾಡಿ.
ಹಾಲಪ್ಪ ಎದ್ದು, ಬಾಯೊಳಗಿನ ಎಲೆಯಡಿಕೆ ಉಗುಳಿ,
ಅವನು ಬಂದ ದಾರಿಯನ್ನೇ ತೋರಿಸಿದ.
ನೀರಯ್ಯ ತಿರುಗಿ ನೋಡಿದ.
ಆಗ ಕಂಡಿತು ಹಾಲಪ್ಪನಿಗೆ ಬೆನ್ನು:
ತೇಪೆ ಇರಲಿಲ್ಲ. ಆದರೆ ಎರಡು ಬೇಸಿಗೆಯ ಬಿಸಿಲಿಗೆ
ಅಂಗಿಯೆಲ್ಲ ಬೆಳ್ಳಗೆ ಮಾಸಿ
ತೇಪೆಯಡಿಯ ಖಾಕಿ ಮಾತ್ರ
ಥಾನಿನಿಂದ ಈಗ ಹರಿದಂತೆ ಹೊಸದಾಗಿ,
ರೊಟ್ಟಿಯಗಲ, ದುಂಡಗೆ.

ಮರುವಾರ ಅದೇ ಅಂಗಿ ಅಪ್ಪನ ಮುಂದೆ ಬಂತು.
ಈ ಸಲ ಹವಾಲ್ದಾರ ಪಕ್ಕದಲ್ಲಿ ನಿಂತು
ಹೊಲಿಗೆ ಎಣಿಸಿದ. ಇಮ್ಮಡಿ ದಾರ.
ನೀರಯ್ಯ ಬರಿಮೈಯಲ್ಲಿ ಕಾಯುತ್ತ,
ಕತ್ತರಿಸಿ ಬಿದ್ದ ಚಿಂದಿಯ ಮೇಲೆ ಬೆರಳಿಂದ
ಒಂದು ಗೆರೆ ಎಳೆದು, ಅಪ್ಪನ ಮುಖ ನೋಡಿದ.
ಪಡುವಣಕ್ಕೆ ಹರಿಯುವ ಹೊಳೆ ಯಾವುದೂ ಇಲ್ಲವೇ ನಿಮ್ಮಲ್ಲಿ?

ಇತ್ತು.
ಸಾಗರದ ಕಡೆಗೆ ಮೂರು ದಿನದ ನಡಿಗೆ, ಶರಾವತಿ.
ಅಪ್ಪನ ತವರತ್ತೆಯ ಊರು ಅದರ ದಂಡೆಗೇ.
ಸೀಮೆಸುಣ್ಣ ಕೈಯಲ್ಲೇ ಇತ್ತು.
ನಾವು ನಾಲ್ಕು ಮಕ್ಕಳು.
ಅಪ್ಪ ಸೂಜಿಗೆ ದಾರ ಪೋಣಿಸಿದ.

ಯುದ್ಧ ಮುಗಿದು ಅವರನ್ನೆಲ್ಲ ಕರೆದೊಯ್ದ ಮೇಲೆ
ಉಳಿದ ಕಪ್ಪು ದುಂಡುಗಳನ್ನು ಅವ್ವ ಕೌದಿಗೆ ಹಾಕಿದಳು.
ಅಪ್ಪ ಅದನ್ನು ಎಂದೂ ಹೊದೆಯಲಿಲ್ಲ.
ಚಳಿಯೆಂದರೂ, ಜ್ವರವೆಂದರೂ.
ಅಂಗುಸ್ತಾನ ಮಾತ್ರ ಕೊನೆತನಕ ಬೆರಳಲ್ಲಿತ್ತು,
ತೆಗೆದಾಗ ಅಡಿಯ ಚರ್ಮ
ಮಗುವಿನದರಂತೆ ಬೆಳ್ಳಗಿತ್ತು.